ಹೆಸರುಕಾಳಿನ ಮೊಳಕೆಯಲ್ಲೇ ಆರ್‌ಸಿಆರ್ ಮೂರು ದಾಟಿಸಿದೆ

ಮೈಟೊಕಾಂಡ್ರಿಯಾ ಜೀವಕೋಶದ ಶಕ್ತಿ ಕಾರ್ಖಾನೆ, ಆಕ್ಸಿಜನ್ ಬಳಸಿ ಎಡಿಪಿಯಿಂದ ಎಟಿಪಿ ಎಂಬ ಇಂಧನ ಮಾಡುತ್ತದೆ. ಎಡಿಪಿ ಇದ್ದಾಗಿನ ಅದರ ಉಸಿರಾಟ, ಎಡಿಪಿ ಮುಗಿದಾಗಿನದ್ದರ ಎಷ್ಟು ಪಟ್ಟು ಅನ್ನುವುದೇ ಆರ್‌ಸಿಆರ್. ಇಲಿ ಲಿವರ್ ಇಲ್ಲದೆ ಕಪಲ್ಡ್, ಅಂದರೆ ಉಸಿರಾಟವೂ ಎಟಿಪಿ ತಯಾರಿಕೆಯೂ ಜೋಡಿಯಾಗಿರುವ, ಮೈಟೊಕಾಂಡ್ರಿಯಾ ಸಿಗಲ್ಲ, ಸುಮ್ನೆ ಟೈಮ್ ವೇಸ್ಟ್ ಅಂತ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಹೇಳದವರೇ ಇರಲಿಲ್ಲ. ಇಲಿಗೆ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು, ಅನಿಮಲ್ ಹೌಸ್ ಬೇಕು. ನಮ್ಮಂಥ ಕಾಲೇಜಿನಲ್ಲಿ ಅದೆಲ್ಲ ಎಲ್ಲಿಂದ ಬರಬೇಕು? ಹೆಸರುಕಾಳಾದರೆ ಕಿರಾಣಿ ಅಂಗಡಿಯಲ್ಲಿದೆ, ಅರ್ಧ ಕೆಜಿಗೆ ಅರವತ್ತೋ ಎಪ್ಪತ್ತೋ ರೂಪಾಯಿ. 1960ರ ದಶಕದಿಂದಲೂ ಗಿಡದ ಮೈಟೊಕಾಂಡ್ರಿಯಾಗೆ ಇದನ್ನೇ ಬಳಸುತ್ತಾರೆ. ಕತ್ತಲಲ್ಲಿ ಐದಾರು ದಿನ ಬೆಳೆಸಿ ಬಿಳಿ ದಂಟು ಮಾತ್ರ ತೆಗೆದುಕೊಳ್ಳುವುದು.

ದುಡ್ಡು ಹೋಗಿದ್ದು ಫ್ಯಾಟಿ ಆ್ಯಸಿಡ್ ಹಿಡಿದಿಡಲು ಹಾಕುವ ಹಸುವಿನ ಪ್ರೋಟೀನ್, ಬಿಎಸ್‌ಎಗೆ. ಕಪಾಟಿನಲ್ಲಿದ್ದ ಸಾಮಾನ್ಯ ಬಿಎಸ್‌ಎ ಹಾಕಿದಾಗ ಎಡಿಪಿ ಕೊಟ್ಟರೂ ಆಕ್ಸಿಜನ್ ಅಳೆಯುವ ಎಲೆಕ್ಟ್ರೋಡಿನ ಗೆರೆ ಕ್ಯಾರೇ ಅನ್ನಲಿಲ್ಲ. ಸ್ಟೇಟ್ ಮೂರಕ್ಕೂ (ಎಡಿಪಿ ಇರುವಾಗ) ನಾಲ್ಕಕ್ಕೂ (ಎಡಿಪಿ ಮುಗಿದ ಮೇಲೆ) ಒಂದೇ ಇಳಿಜಾರು. ಫ್ಯಾಟಿ ಆ್ಯಸಿಡ್ ತೆಗೆದದ್ದು ಹತ್ತು ಗ್ರಾಂಗೆ ಹದಿನೈದು ಸಾವಿರದ ಹತ್ತಿರ ಆಯ್ತು ಅಂತ ನೆನಪು. ಬಿಲ್ ನೋಡಿ ನಮ್ಮ ಹೆಡ್ ಮೇಡಂ ಹುಬ್ಬು ಗಂಟಿಕ್ಕಿದ್ದರು.

ಅದು ಬಂದ ಮೇಲೂ ಆರ್‌ಸಿಆರ್ ಒಂದೂವರೆ ದಾಟಲಿಲ್ಲ. ಕೆಡಿಸುತ್ತಿದ್ದದ್ದು ದಂಟು ಅರೆಯುತ್ತಿದ್ದ ಮಿಕ್ಸಿ. ಎರಡು ಮೂರು ಸೆಕೆಂಡಿಗೆ ಇಳಿಸಿದರೂ ಅಷ್ಟೇ. ಕೊನೆಗೆ ಫ್ರೀಜರಿನಲ್ಲಿಟ್ಟ ಮಾರ್ಟರ್ ತೆಗೆದು, ಮರಳೂ ಹಾಕದೆ, ಟೀಗೆ ಶುಂಠಿ ಜಜ್ಜುವ ಹಾಗೆ ಜಜ್ಜಿದೆ. ಜಜ್ಜಬೇಕು, ಅರೆಯಬಾರದು. ಇಳುವರಿ ಕಡಿಮೆ, ಇನ್ನೂರು ಗ್ರಾಂ ದಂಟಿಗೆ ಕೆಲವೇ ಮಿಲಿಗ್ರಾಂ ಪ್ರೋಟೀನ್, ಆದರೆ ಸಿಕ್ಕಿದ್ದು ಗಟ್ಟಿ. ಜಜ್ಜುತ್ತಾ ಇದ್ದಂತೆ ಗಿಡದ ಜೀವಕೋಶದೊಳಗಿನ ವ್ಯಾಕ್ಯುಯೋಲ್ ಚೀಲದ ಹುಳಿ ಹೊರಗೆ ಬಂದು ಪಿಎಚ್ ಇಳಿಯುತ್ತದೆ, ಅದಕ್ಕೆ ಪಕ್ಕದಲ್ಲೇ ಕೆಒಎಚ್ ಕ್ಷಾರದ ಡ್ರಾಪರ್ ಇರಲಿ. ಕಂದು ಬಣ್ಣ ಬರದ ಹಾಗೆ ಸಿಸ್ಟೀನ್ ಎಂಬ ಅಮೈನೋ ಆಮ್ಲವನ್ನೂ ಹಾಕಬೇಕು. ಸೆಂಟ್ರಿಫ್ಯೂಜಿನಲ್ಲಿ ತಳಕ್ಕಿಳಿದ ಪೆಲೆಟ್ ಕದಡಲು ಪಿಪೆಟ್ ಬೇಡ, ಮಕ್ಕಳು ಬಣ್ಣ ಹಚ್ಚುವ ಮೆತ್ತನೆ ಬ್ರಶ್ ಸಾಕು. ಕೊನೆಯ ವಾಶ್‌ಗೆ ನಾನು ಇನ್ನೊಂದು ಹಾಕುತ್ತೇನೆ, ಅದೇನು ಅಂತ ಪೇಪರ್ ಬರುವವರೆಗೆ ಹೇಳಲ್ಲ.

ಮೊದಲ ಎಡಿಪಿಗೆ ಗೆರೆ ಸೋಮಾರಿಯಾಗಿ ಇಳಿಯುತ್ತದೆ, ಎರಡನೆಯದಕ್ಕೆ ಓಡುತ್ತದೆ. ಉಸಿರಾಟಕ್ಕೆ ಆಹಾರವಾಗಿ ಕೊಡುವ ಸಕ್ಸಿನೇಟ್ ಜೊತೆ ಮೊದಲೇ ಚೂರು ಎಟಿಪಿ ಕೊಟ್ಟರೆ ಆ ಸೋಮಾರಿತನವೂ ಇಲ್ಲ. ಆರ್‌ಸಿಆರ್ ಈಗ ಮೂರರ ಮೇಲೆ ಸಲೀಸಾಗಿ ಬರುತ್ತದೆ, ಒಳ್ಳೆ ದಿನ ಮೂರೂವರೆ. ಪೀಟರ್ ಮಿಚೆಲ್ 1961ರಲ್ಲಿ ಪ್ರೋಟಾನ್ ಹರಿವಿನಿಂದಲೇ ಎಟಿಪಿ ಆಗುತ್ತದೆ ಎಂಬ ಕಥೆ ಹೇಳಿದಾಗಲೂ ನಂಬದವರೇ ಜಾಸ್ತಿ, 1978ರಲ್ಲಿ ನೊಬೆಲ್ ಬಂತಲ್ವಾ? ನನಗೆ ನೊಬೆಲ್ ಬೇಡ, ಉಸಿರಾಟದ ಒಂದು ಹಂತ ತಡೆಯುವ ರೊಟೇನೋನ್‌ನ ಒಂದು ಬಾಟಲಿಗೆ ಗ್ರಾಂಟ್ ಕೊಟ್ಟರೆ ಸಾಕು.

ನಡುವೆ ಸಯನೈಡ್ ಕೊಟ್ಟು ನೋಡಿದೆ. ಉಸಿರಾಟ ಪೂರ್ತಿ ನಿಲ್ಲಲಿಲ್ಲ, ಕಾಲು ಭಾಗದಷ್ಟು ಉಳಿಯಿತು. ಎಸ್‌ಎಚ್‌ಎಎಂ ಎಂಬ ಇನ್ನೊಂದು ತಡೆ ರಾಸಾಯನಿಕ ಹಾಕಿದ ಮೇಲೆ ಅದೂ ನಿಂತಿತು. ಸಯನೈಡಿಗೆ ಬಗ್ಗದ ಆಲ್ಟರ್ನೇಟಿವ್ ಆಕ್ಸಿಡೇಸ್ ಎಂಬ ಗಿಡದ ಕಿಣ್ವದ ಬೈಪಾಸ್ ಕಣ್ಣೆದುರೇ ಕಂಡಿತು. ಆ ಹುಚ್ಚಿನಲ್ಲಿ ಸುವರ್ಣಗಡ್ಡೆ ಹೂವಿಗೂ ಕೈ ಹಾಕಿದೆ. ಅದೇ ಬೈಪಾಸಿನಿಂದ ಎಟಿಪಿ ಬದಲು ಶಾಖ ಮಾಡುವ ಹೂ ಅದು, ಸರಿಯಾದ ಹೊತ್ತಿಗೆ ಮುಟ್ಟಿದರೆ ಬೆಚ್ಚಗಿರುವುದು ಗೊತ್ತಾಗುತ್ತದೆ. ವಾಸನೆಗೆ ಲ್ಯಾಬ್ ಅರ್ಧ ಖಾಲಿ. ಹೂ ನನ್ನ ಕೈ ಸೇರುವಷ್ಟರಲ್ಲಿ ತಣ್ಣಗಾಗಿತ್ತು, ಪೆಲೆಟ್ಟೂ ಕೆಲಸಕ್ಕೆ ಬರಲಿಲ್ಲ. ನಿಮ್ಮ ತೋಟದಲ್ಲಿ ಮಳೆ ಶುರುವಿಗೆ ಮೊಗ್ಗು ಕಂಡರೆ ಹೇಳಿ, ಐಸ್ ಡಬ್ಬಿ ಹಿಡಿದು ನಾನೇ ಬರುತ್ತೇನೆ.