ಹಾರ್ಟ್ ಹಚ್ಚೆ ಹಾಕಿಸಿಕೊಳ್ಳೋ ಮುಂಚೆ

"ಅಕ್ಕ, ಒಂದು ಚಿಕ್ಕ ಹಾರ್ಟ್ ಅಷ್ಟೇ, ಹತ್ತು ನಿಮಿಷದ ಕೆಲಸ" ಅಂದುಕೊಂಡು ಮೈಸೂರಿನ ನನ್ನ ಅಂಗಡಿಗೆ ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಹತ್ತು ನಿಮಿಷದ ಕೆಲಸವೇ ಹೌದು. ಆದರೆ ಹನ್ನೊಂದು ವರ್ಷದಿಂದ ಸೂಜಿ ಹಿಡಿದಿರುವ ನನಗೆ ಡ್ರ್ಯಾಗನ್‌ಗಿಂತ ಹಾರ್ಟ್ ಕಂಡರೇ ಭಯ. ಡ್ರ್ಯಾಗನ್ ಬಾಲ ಸ್ವಲ್ಪ ಸೊಟ್ಟಗಾದರೆ ಯಾರಿಗೂ ಗೊತ್ತಾಗಲ್ಲ. ಹಾರ್ಟಿನ ಒಂದು ಬದಿ ಊದಿಕೊಂಡರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಕಾಣುತ್ತೆ. "ಇದೇನಮ್ಮ, ವೀಳ್ಯದೆಲೆನಾ?" ಅಂತ ಅಜ್ಜಿಯರು ಕೇಳೇ ಕೇಳುತ್ತಾರೆ.

ಮೊದಲು ಯಾವ ಹಾರ್ಟ್ ಅಂತ ತೀರ್ಮಾನ ಮಾಡಿ. ಇಸ್ಪೀಟಿನ ಆಟೀನಿನಂಥ ಬರೀ ಹಾರ್ಟು ಹೆಚ್ಚೇನೂ ಹೇಳಲ್ಲ. ಒಳಗೆ, ಸುತ್ತ ಏನಿದೆಯೋ ಅದೇ ಮಾತಾಡೋದು. ಅಡ್ಡಕ್ಕೊಂದು ಪಟ್ಟಿ, ಅದರಲ್ಲಿ 'ಮಾಮ್' ಅಂತಿದ್ದರೆ ಅದು ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ನಾವಿಕರ ಹಚ್ಚೆ. ಹೊನೊಲುಲುವಿನಲ್ಲಿ ಅಂಗಡಿ ಇಟ್ಟಿದ್ದ 'ಸೈಲರ್ ಜೆರ್ರಿ', ಅಂದರೆ ನಾರ್ಮನ್ ಕಾಲಿನ್ಸ್ (1911–1973), ಆ ಶೈಲಿಯಲ್ಲಿ ದೊಡ್ಡ ಹೆಸರು: ದಪ್ಪ ಕಪ್ಪು ಗೆರೆ, ಒಳಗೆ ತುಂಬು ಬಣ್ಣ. ಕಠಾರಿ ಚುಚ್ಚಿದ ಹಾರ್ಟು ಮೋಸ ಹೋದವರದ್ದು. ಎರಡು ಕೈ ಹಿಡಿದ, ಮೇಲೆ ಕಿರೀಟವಿರುವುದು ಐರ್ಲೆಂಡಿನ ಕ್ಲಾಡಾ ಉಂಗುರದ ವಿನ್ಯಾಸ. ಕೈ ಸ್ನೇಹಕ್ಕೆ, ಹೃದಯ ಪ್ರೀತಿಗೆ, ಕಿರೀಟ ನಿಷ್ಠೆಗೆ. ಜ್ವಾಲೆ, ಮುಳ್ಳಿನ ಕಿರೀಟ, ಶಿಲುಬೆ ಇದ್ದರೆ ಅದು ಯೇಸುವಿನ ಪವಿತ್ರ ಹೃದಯ. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಪಟದ ಮುಂದೆ ದೀಪ ಹಚ್ಚಿ ಕೈ ಮುಗಿಯುತ್ತಾರೆ. ಚೆಂದ ಕಾಣುತ್ತೆ ಅಂತ ಮಾತ್ರ ಹಾಕಿಸಿಕೊಳ್ಳಲು ಬಂದವರಿಗೆ ನಾನು ಇದನ್ನು ಹೇಳದೆ ಬಿಡಲ್ಲ.

ನನಗೆ ಇಷ್ಟವಾಗೋದು ಇಸಿಜಿ ಗೆರೆ ಸೇರಿದ ಹಾರ್ಟು, ಆದರೆ ಗೂಗಲ್‌ನಿಂದ ಇಳಿಸಿಕೊಂಡದ್ದಲ್ಲ. ಬೈಪಾಸ್ ಆದ ಅಪ್ಪನ ಇಸಿಜಿ ಕಾಗದವನ್ನೇ ಒಬ್ಬಳು ತಂದಿದ್ದಳು. ಒಂದೇ ಒಂದು ಬಡಿತ ಆರಿಸಿ, ಅದರ ಏರಿಳಿತ ಇದ್ದಂತೆಯೇ ಟ್ರೇಸ್ ಮಾಡಿದೆ. ನೀವೂ ಹಾಗೆ ಮಾಡುವುದಾದರೆ ಕಾಗದದ ಫೋಟೋ ಈಗಲೇ ತೆಗೆದಿಡಿ, ಅದರ ಅಚ್ಚು ವರ್ಷ ಕಳೆದಂತೆ ಮಾಸುತ್ತೆ.

ಅಳತೆಯ ವಿಷಯಕ್ಕೆ ನಮ್ಮಜ್ಜಿಯ ಮುಂಗೈ ನೋಡಬೇಕಿತ್ತು. ಹದಿನಾಲ್ಕರಲ್ಲಿ ಚುಚ್ಚಿಸಿಕೊಂಡಿದ್ದ ಸಾಸಿವೆಯಷ್ಟರ ಚುಕ್ಕಿಗಳು ಎಂಬತ್ತರ ಹೊತ್ತಿಗೆ ಕಡಲೆಯಷ್ಟಾಗಿ, ನೀಲಿ ಹಸಿರಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಶಾಯಿ ಹರಡೋದು ಇವತ್ತಿನ ಮೆಷಿನ್ನಿಗೂ ತಪ್ಪಿದ್ದಲ್ಲ. ಹಾರ್ಟಿನಲ್ಲಿ ಮೊದಲು ಮುಚ್ಚಿಕೊಳ್ಳೋದು ಮೇಲಿನ ಸಂದು, ಆಮೇಲೆ ಕೆಳಗಿನ ಮೊನೆ. ಹಾಗಾಗಿ ಹೆಬ್ಬೆರಳ ಉಗುರಿಗಿಂತ ಚಿಕ್ಕದು ಬೇಡ, ಸಂದು ಎರಡು ಮೂರು ಮಿಲಿಮೀಟರ್ ಆದರೂ ಬಿಚ್ಚಿಕೊಂಡಿರಲಿ. ಬೆರಳ ಮೇಲಂತೂ ಬೇಡವೇ ಬೇಡ, ಬೇಗ ಅಳಿಸುತ್ತೆ.

ಒಳಗೆ ಕನ್ನಡ ಬರೆಸುವುದಾದರೆ ಇನ್ನೂ ದೊಡ್ಡದು ಬೇಕು, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕಲ್ಲ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳು ಒತ್ತು ಒಡೆದು 'ಅಮ್ಮ'ನನ್ನು 'ಅಮ್‌ಮ' ಮಾಡುತ್ತವೆ. ಹೊಸದರಲ್ಲಿ ಒಬ್ಬರ ಎದೆಯ ಮೇಲೆ ಹಾಗೇ ಸ್ಟೆನ್ಸಿಲ್ (ಸೂಜಿಗೆ ಮುಂಚೆ ಚರ್ಮಕ್ಕೆ ಒತ್ತುವ ಮಾದರಿ ಗೆರೆ) ಇಳಿಸಿದ್ದೆ. ಜೊತೆಗೆ ಬಂದಿದ್ದ ಅವರ ತಂಗಿ ನೋಡಿ ನಕ್ಕಿದ್ದಕ್ಕೆ ಬಚಾವಾದೆ. ಈಗ ಅಮ್ಮನ ಕೈಯಲ್ಲೇ ಕಾಗದದ ಮೇಲೆ ಬರೆಸಿಕೊಂಡು ಬನ್ನಿ ಅನ್ನುತ್ತೇನೆ.

ಸ್ಟೆನ್ಸಿಲ್ ಹಚ್ಚುವಾಗ ನೆಟ್ಟಗೆ ನಿಂತು ಕೈ ಇಳಿಬಿಡಿ. ಮಡಚಿದ ಕೈ ಮೇಲೆ ಸರಿ ಕಂಡದ್ದು ಚಾಚಿದಾಗ ತಿರುಚಿಕೊಳ್ಳುತ್ತೆ. ಮಣಿಕಟ್ಟಿನಲ್ಲಾದರೆ ಮೊನೆ ಬೆರಳ ಕಡೆಗಿರಲಿ. ಇಲ್ಲದಿದ್ದರೆ ನಿಮಗೊಬ್ಬರಿಗೆ ನೇರ, ಊರಿಗೆಲ್ಲ ತಲೆಕೆಳಗು. ಸೇನೆಗೆ ಸೇರುವ ಆಸೆ ಇರುವವರು ಕುತ್ತಿಗೆ, ಎದೆಯ ಆಸೆ ಬಿಡಿ: ಅಲ್ಲಿ ಒಪ್ಪೋದು ಮುಂಗೈಯ ಒಳಭಾಗ ಮತ್ತು ಹಸ್ತದ ಹಿಂಬದಿ ಮಾತ್ರ. ಅರೆಸೇನಾ ಪಡೆಗಳ ನಿಯಮ ಇನ್ನೂ ಬಿಗಿ, ಅಧಿಸೂಚನೆ ಓದಿಕೊಂಡೇ ಬನ್ನಿ.

ಬಣ್ಣ? ಶಾಯಿಯನ್ನು ನಾವು ಮೈಬಣ್ಣದ ಮೂಲಕವೇ ನೋಡೋದು, ಹಾಗಾಗಿ ತಿಳಿ ಗುಲಾಬಿ ನಮ್ಮಂಥವರಿಗೆ ಮಂಕು. ಗಾಢ ಕುಂಕುಮದ ಕೆಂಪು ನಿಲ್ಲುತ್ತೆ. ಆದರೆ ಶಾಯಿಗಳಲ್ಲಿ ಅಲರ್ಜಿ ಹೆಚ್ಚು ಕೆಂಪಿನದ್ದೇ, ಕೆಲವೊಮ್ಮೆ ತಿಂಗಳುಗಳಾದ ಮೇಲೂ. ಚರ್ಮ ಸೂಕ್ಷ್ಮವಿದ್ದರೆ ಕಪ್ಪು ಗೆರೆಯಲ್ಲೇ ನಿಲ್ಲಿಸಿ. ಸೂಜಿಯ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ.

ಆಮೇಲೆ ಎರಡು ಮೂರು ವಾರ ಈಜು ಬೇಡ, ಬಿಸಿಲು ಬೇಡ. ಮೆದು ಸೋಪಿನಲ್ಲಿ ತೊಳೆದು, ಒತ್ತಿ ಒರೆಸಿ, ವಾಸನೆಯಿಲ್ಲದ ಕ್ರೀಮನ್ನು ತೆಳ್ಳಗೆ ಹಚ್ಚಿ. ಮನೆಯಲ್ಲಿ ಯಾರಾದರೂ ಅರಿಶಿನ ತಂದರೆ ಬೇಡ ಅನ್ನಿ. ಹೊಪ್ಪಳೆ ಕೀಳಬೇಡಿ. ಇನ್ನು ರಕ್ತ ಕೊಡುವ ಅಭ್ಯಾಸ ಇರುವವರು ಕೊಟ್ಟು, ನಾಲ್ಕು ದಿನ ಸುಧಾರಿಸಿಕೊಂಡು ನನ್ನ ಹತ್ತಿರ ಬನ್ನಿ. ಹಚ್ಚೆ ಹಾಕಿಸಿಕೊಂಡರೆ ಆಮೇಲೆ ಒಂದು ವರ್ಷ ನಿಮ್ಮ ರಕ್ತ ತೆಗೆದುಕೊಳ್ಳಲ್ಲ.