ಮಲೆನಾಡಿನ ಮಳೆಗೆ ವಾಷಿಂಗ್ ಮೆಷಿನ್, ಡ್ರೈಯರ್: ನಾವು ಆರಿಸಿಕೊಂಡ ಬಗೆ

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆ ನಾಲ್ಕು ತಿಂಗಳು ಬಿಸಿಲಿನ ಮುಖ ಕಾಣುವುದು ಅಪರೂಪ. ಬಚ್ಚಲೊಲೆಯ ಮೇಲೆ ಬಿದಿರಿನ ಗಳ ಕಟ್ಟಿ ಬಟ್ಟೆ ಹರವುವುದು ನಮ್ಮ ಕಡೆಯ ಹಳೆಯ ಕ್ರಮ. ಒಣಗುತ್ತದೆ, ಆದರೆ ಹೊಗೆ ವಾಸನೆ ಹಿಡಿಯುತ್ತದೆ. ಗಳದ ತುದಿಯಲ್ಲಿ ಸಿಕ್ಕಿಕೊಂಡ ದಪ್ಪ ಬಟ್ಟೆಗಳಿಗೆ ಮುಗ್ಗಲು ವಾಸನೆ ಬಂದು, ಆಮೇಲೆ ಕರಿಚುಕ್ಕೆ ಏಳುತ್ತದೆ. ಒಮ್ಮೆ ಎದ್ದ ಕರಿಚುಕ್ಕೆ ಯಾವ ಸೋಪಿಗೂ ಹೋಗುವುದಿಲ್ಲ.

ಇದನ್ನೆಲ್ಲ ಸಹಿಸಿಕೊಂಡೇ ಬಂದಿದ್ದೆವು. ಅತ್ತೆಯವರಿಗೆ ಸೊಂಟದ ಸುತ್ತ ಹುಳುಕಡ್ಡಿ ಎದ್ದು, ಮುಲಾಮು ಹಚ್ಚಿದರೆ ಕಡಿಮೆಯಾಗಿ ಮತ್ತೆ ಮರುಕಳಿಸತೊಡಗಿದಾಗ ವೈದ್ಯರು, "ಔಷಧಿ ಕೊಡುತ್ತೇನೆ ಅಮ್ಮ, ಆದರೆ ಹಸಿ ಬಟ್ಟೆ ಉಡುವುದನ್ನು ಮೊದಲು ನಿಲ್ಲಿಸಿ" ಎಂದರು. ಮಳೆಗಾಲದಲ್ಲಿ ಅದು ಹೇಳಿದಷ್ಟು ಸುಲಭವಲ್ಲ. ಹಳೆಯ ವಾಷಿಂಗ್ ಮೆಷಿನ್ನಿನ ಆಯುಷ್ಯವೂ ಮುಗಿಯುತ್ತಾ ಬಂದಿತ್ತು. ಒಗೆಯುವುದಕ್ಕೂ ಒಣಗಿಸುವುದಕ್ಕೂ ಒಟ್ಟಿಗೇ ಹೊಸದು ತರುವುದೆಂದು ನಿರ್ಧರಿಸಿದೆವು.

ಅಂಗಡಿಗೆ ಹೋದವರೆಲ್ಲ ಮೊದಲು ನೋಡುವುದು ಒಗೆಯುವ ಯಂತ್ರವನ್ನು. ನಾನು ಒಣಗಿಸುವುದರಿಂದ ಲೆಕ್ಕ ಶುರು ಮಾಡಿದೆ. ಎರಡರಲ್ಲಿ ಹೆಚ್ಚು ವಿದ್ಯುತ್ ತಿನ್ನುವುದು, ಹೆಚ್ಚು ಜಾಗದ ಯೋಚನೆ ಬೇಡುವುದು ಡ್ರೈಯರ್. ಅದು ಯಾವ ಬಗೆಯದು ಎಂದು ನಿಶ್ಚಯವಾದರೆ ಅದಕ್ಕೆ ಹೊಂದುವ ವಾಷಿಂಗ್ ಮೆಷಿನ್ ಯಾವುದೆಂಬುದು ತಾನಾಗಿ ತಿಳಿಯುತ್ತದೆ.

ಮನೆಬಳಕೆಯ ಡ್ರೈಯರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಗಾಳಿಯನ್ನು ಹೀಟರ್‌ನಿಂದ ಕಾಯಿಸಿ, ಬಟ್ಟೆಯ ಮೂಲಕ ಹಾಯಿಸಿ, ತೇವ ತುಂಬಿದ ಗಾಳಿಯನ್ನು ಕೊಳವೆಯಲ್ಲಿ ಗೋಡೆಯಾಚೆಗೆ ಊದುವುದು ಮೊದಲನೆಯದು, ವೆಂಟೆಡ್. ಆ ತೇವವನ್ನು ಒಳಗೇ ತಣಿಸಿ ನೀರಾಗಿಸಿ ತೊಟ್ಟಿಗೆ ಇಳಿಸುವುದು ಕಂಡೆನ್ಸರ್. ಮೂರನೆಯದು ಹೀಟ್ ಪಂಪ್. ಇದರಲ್ಲಿ ಫ್ರಿಜ್ಜಿನಲ್ಲಿರುವಂತೆ ಕಂಪ್ರೆಸರ್ ಇರುತ್ತದೆ. ಒಂದು ಬದಿಯಲ್ಲಿ ಗಾಳಿಯನ್ನು ತಣಿಸಿ ತೇವ ತೆಗೆದು, ಹಾಗೆ ತೆಗೆದ ಶಾಖದಿಂದಲೇ ಮತ್ತೊಂದು ಬದಿಯಲ್ಲಿ ಅದೇ ಗಾಳಿಯನ್ನು ಕಾಯಿಸುತ್ತದೆ. ಶಾಖ ಪೋಲಾಗದ ಕಾರಣ ಹೀಟರ್ ಇರುವ ಕಂಡೆನ್ಸರ್ ಯಂತ್ರದ ಅರ್ಧ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ವಿದ್ಯುತ್ ಸಾಕು. ಆದರೆ ಬೆಲೆ ಹೆಚ್ಚು, ಹೊತ್ತೂ ಹೆಚ್ಚು.

"ಮಳೆಗಾಲದ ಗಾಳಿಯೇ ಒದ್ದೆ, ಅದನ್ನು ಊದಿದರೆ ಬಟ್ಟೆ ಹೇಗೆ ಒಣಗುತ್ತದೆ?" ಎಂದು ನಮ್ಮ ಮನೆಯವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಗಾಳಿ ಬಿಸಿಯಾದಷ್ಟೂ ಅದರ ತೇವ ಹೀರುವ ಶಕ್ತಿ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ ಗಾಳಿಯನ್ನೇ 60 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇ 20ಕ್ಕಿಂತ ಕೆಳಗಿಳಿಯುತ್ತದೆ. ಹಾಗಾಗಿ ಆಗುಂಬೆಯ ಜುಲೈ ತಿಂಗಳಲ್ಲೂ ವೆಂಟೆಡ್ ಯಂತ್ರ ಕೆಲಸ ಮಾಡುತ್ತದೆ. ನಮಗೆ ತೊಡಕಾದದ್ದು ಕೊಳವೆ. ಯಂತ್ರ ಇಡಬೇಕೆಂದಿದ್ದ ಹಿತ್ತಲ ಕಡೆಯ ಕೋಣೆಯ ಹೊರಗೋಡೆ ನೈರುತ್ಯಕ್ಕೆ ಮುಖ ಮಾಡಿದೆ. ಮಳೆಯ ಇರಚಲು ನೇರವಾಗಿ ಬಡಿಯುವ ಜಾಗದಲ್ಲಿ ನಾಲ್ಕು ಇಂಚಿನ ತೂತು ಕೊರೆಯುವುದು ನನಗೆ ಸರಿಬರಲಿಲ್ಲ. ಹಲ್ಲಿ, ಹುಳುಗಳಿಗೂ ಅದೇ ದಾರಿಯಾಗುತ್ತಿತ್ತು. ಒಳ್ಳೆಯ ಆಸರೆಯಿರುವ ಗೋಡೆ ಸಿಗುವ ಮನೆಗೆ, ವರ್ಷಕ್ಕೆ ಒಂದೆರಡು ತಿಂಗಳು ಮಾತ್ರ ಬಳಸುವವರಿಗೆ ವೆಂಟೆಡ್ ಇವತ್ತಿಗೂ ಒಳ್ಳೆಯ ಆಯ್ಕೆಯೇ. ಬೆಲೆ ಕಡಿಮೆ, ರಿಪೇರಿ ಸುಲಭ.

ವಿದ್ಯುತ್ ಲೆಕ್ಕ ಮಾಡಿದಾಗ ನಮ್ಮ ಉಳಿದ ಗೊಂದಲವೂ ತೀರಿತು. ಎಂಟು ಕಿಲೋ ಬಟ್ಟೆ ಒಣಗಿಸಲು ಹೀಟ್ ಪಂಪ್‌ಗೆ ಸುಮಾರು 2 ಯೂನಿಟ್, ಹೀಟರ್ ಇರುವ ಕಂಡೆನ್ಸರ್‌ಗೆ 4ರಿಂದ 5 ಯೂನಿಟ್ ಬೇಕು. ದಿನ ಬಿಟ್ಟು ದಿನ ಬಳಸಿದರೆ ತಿಂಗಳಿಗೆ 30 ಯೂನಿಟ್ ಒಂದು ಕಡೆ, 60ರಿಂದ 75 ಯೂನಿಟ್ ಇನ್ನೊಂದು ಕಡೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ವ್ಯತ್ಯಾಸಕ್ಕೆ ಬೇರೆಯೇ ತೂಕ ಬಂದಿದೆ. ನಮ್ಮಂಥ ಮನೆಗಳಿಗೆ 2022–23ರ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ಅದನ್ನು ದಾಟಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. ಪಂಪು, ಮಿಕ್ಸಿ, ಫ್ರಿಜ್ಜು ಎಂದು ಮೊದಲೇ 140–150 ಯೂನಿಟ್ ಉರಿಸುವ ಮನೆಗೆ ಹೀಟರ್ ಇರುವ ಡ್ರೈಯರ್ ತಂದರೆ ಆ ಗೆರೆ ದಾಟುವುದು ಬಹುತೇಕ ಖಂಡಿತ. ನಾವು ಹೀಟ್ ಪಂಪ್‌ಗೇ ಹಣ ಹಾಕಿದೆವು.

ಒಂದೇ ಡ್ರಮ್ಮಿನಲ್ಲಿ ಒಗೆದು ಒಣಗಿಸುವ ಜೋಡಿ ಯಂತ್ರವನ್ನೂ ಅಂಗಡಿಯವರು ತೋರಿಸಿದರು. ಎಂಟು ಕಿಲೋ ಒಗೆದರೆ ಐದು ಕಿಲೋ ಮಾತ್ರ ಒಣಗಿಸಬಲ್ಲದು. ಉಳಿದದ್ದನ್ನು ಹೊರಗೆ ತೆಗೆದು, ಮೊದಲನೆಯದು ಒಣಗುವವರೆಗೆ ಒದ್ದೆಯಾಗಿಯೇ ಇಟ್ಟುಕೊಳ್ಳಬೇಕು. ಒಣಗಿಸುತ್ತಿರುವಾಗ ಮುಂದಿನ ಕಂತು ಒಗೆಯುವಂತಿಲ್ಲ. ಇಬ್ಬರೇ ಇರುವ ನಗರದ ಫ್ಲ್ಯಾಟಿಗೆ ಸರಿ. ತೋಟದ ಕೆಲಸ ಇರುವ ಮನೆಗೆ ಅಲ್ಲ.

ಇನ್ನು ವಾಷಿಂಗ್ ಮೆಷಿನ್. ಡ್ರೈಯರ್ ಜೊತೆಗಿದ್ದರೆ ಇದರಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಿಂಡುವ ವೇಗ. ನಿಮಿಷಕ್ಕೆ 1,400 ಸುತ್ತು ತಿರುಗುವ ಯಂತ್ರದಿಂದ ಹೊರಬಂದ ಒಂದು ಕಿಲೋ ಹತ್ತಿ ಬಟ್ಟೆಯಲ್ಲಿ ಸುಮಾರು ಅರ್ಧ ಕಿಲೋ ನೀರು ಉಳಿದಿರುತ್ತದೆ. 800 ಸುತ್ತಿನದರಲ್ಲಿ 700 ಗ್ರಾಂ ಅಥವಾ ಇನ್ನೂ ಹೆಚ್ಚು. ಹಾಗೆ ಉಳಿದ ನೀರನ್ನೆಲ್ಲ ಡ್ರೈಯರ್ ಆವಿಯಾಗಿಸಬೇಕು, ಅದಕ್ಕೆ ನಾವು ಹಣ ತೆರಬೇಕು. ಹಿಂಡಿ ತೆಗೆಯಲು ತಗಲುವ ವಿದ್ಯುತ್ ಆವಿಯಾಗಿಸುವುದಕ್ಕೆ ಹೋಲಿಸಿದರೆ ಏನೂ ಅಲ್ಲ. ಇದನ್ನು ಕಣ್ಣಾರೆ ನೋಡಬೇಕೆಂದು, ಅಡಿಕೆ ತೂಗುವ ತಕ್ಕಡಿಯಲ್ಲಿ ಒಂದು ದಪ್ಪ ಹೊದಿಕೆಯನ್ನು ಒಣಗಿದ್ದಾಗ ತೂಗಿದೆ. ಹಳೆಯ ಟಾಪ್‌ಲೋಡ್ ಮೆಷಿನ್ ಹಿಂಡಿದ ಮೇಲೆ ಮತ್ತೆ ತೂಗಿದೆ. ಮುಟ್ಟಿದರೆ ನೀರು ತೊಟ್ಟಿಕ್ಕುತ್ತಿರಲಿಲ್ಲ, ಆದರೂ ತಕ್ಕಡಿಯಲ್ಲಿ ಅದರ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಹೊಸದು ಬಂದ ಮೇಲೆ ಅದೇ ಹೊದಿಕೆಯನ್ನು 1,400ರಲ್ಲಿ ಹಿಂಡಿಸಿ ತೂಗಿದಾಗ ಒಂದೂವರೆ ಪಟ್ಟು. ನಾವು ಹೆಚ್ಚು ಕೊಟ್ಟ ಹಣ ಎಲ್ಲಿ ಹೋಯಿತೆಂದು ಮನೆಯವರಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಅಷ್ಟು ವೇಗ ಸಿಗುವುದು ಫ್ರಂಟ್‌ಲೋಡ್‌ನಲ್ಲಿ. ನೀರೂ ಕಡಿಮೆ ಸಾಕು. ಆದರೆ ಹಳ್ಳಿಯ ಮನೆಗೆ ಅದನ್ನು ತರುವ ಮೊದಲು ನೀರಿನ ಒತ್ತಡ ನೋಡಿಕೊಳ್ಳಬೇಕು. ಎಷ್ಟೋ ಮೆಷಿನ್‌ಗಳು ಕನಿಷ್ಠ 0.3ರಿಂದ 0.5 ಬಾರ್ ಕೇಳುತ್ತವೆ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್. ಅಂದರೆ ಟ್ಯಾಂಕಿನ ನೀರು ನಲ್ಲಿಗಿಂತ ಮೂರರಿಂದ ಐದು ಮೀಟರ್ ಮೇಲಿರಬೇಕು. ನಮ್ಮ ಟ್ಯಾಂಕ್ ಬಚ್ಚಲಿನ ತಾರಸಿ ಮೇಲೆ, ಆಳೆತ್ತರದಲ್ಲಿತ್ತು. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿಯುವ ನೀರಿಗೆ ಒತ್ತಡ ಧಾರಾಳವಿದೆ, ಆದರೆ ಮಳೆಗಾಲದಲ್ಲಿ ಅದು ಕೆಂಪಗೆ ಕದಡಿ ಬರುತ್ತದೆ. ನೇರವಾಗಿ ಕೊಟ್ಟರೆ ಮೆಷಿನ್ನಿನ ಹಿಂಬದಿಯ ಪುಟ್ಟ ಜಾಲರಿ ಮಣ್ಣಿನಿಂದ ಕಟ್ಟಿಕೊಳ್ಳುತ್ತದೆ, ಬಿಳಿ ಪಂಚೆ ಬಣ್ಣ ಕಳೆದುಕೊಳ್ಳುತ್ತದೆ. ಟ್ಯಾಂಕಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಎತ್ತರಿಸಿ, ಅಬ್ಬಿ ನೀರು ಅಲ್ಲಿ ತಿಳಿಯಾಗಿ ಇಳಿಯುವಂತೆ ಮಾಡಿ, ಮೆಷಿನ್ನಿಗೆ ಮುಂಚೆ ಒಂದು ಫಿಲ್ಟರ್ ಕೂರಿಸಿದೆವು. ಸ್ಟ್ಯಾಂಡ್ ಬೇಡವೆನ್ನುವವರಿಗೆ ಸಣ್ಣ ಬೂಸ್ಟರ್ ಪಂಪ್ ಸಿಗುತ್ತದೆ.

ಬೆಂಗಳೂರಿನ ತಂಗಿಯ ಮನೆಯಲ್ಲಿ ಬೋರ್‌ವೆಲ್‌ನ ಗಡಸು ನೀರು. ಅವಳಿಗೆ ನೊರೆಯೇ ಬರುವುದಿಲ್ಲ, ಹೀಟರ್ ಮೇಲೆ ಸುಣ್ಣ ಕಟ್ಟುತ್ತದೆ. ನಮ್ಮ ಅಬ್ಬಿಯ ನೀರು ಮೆದು. ಪೊಟ್ಟಣದ ಮೇಲೆ ಬರೆದಷ್ಟು ಪುಡಿ ಹಾಕಿದರೆ ಗಾಜಿನ ಬಾಗಿಲ ತುಂಬ ನೊರೆ. ನೊರೆ ಹೆಚ್ಚಾದರೆ ಮೆಷಿನ್ ಜಾಲಿಸುತ್ತಲೇ ಇರುತ್ತದೆ, ಹಿಂಡುವ ವೇಗಕ್ಕೆ ಏರುವುದೇ ಇಲ್ಲ. ಮೆದು ನೀರಿನವರು ಅರ್ಧ ಪ್ರಮಾಣದಿಂದ ಶುರುಮಾಡುವುದು ಒಳ್ಳೆಯದು. ಪುಡಿ ಫ್ರಂಟ್‌ಲೋಡ್‌ಗೆಂದೇ ಮಾಡಿದ್ದಾಗಿರಲಿ.

ವಿದ್ಯುತ್ ಕೆಲಸದಲ್ಲಿ ಮಾತ್ರ ಉಳಿತಾಯ ನೋಡಬಾರದು. ನೀರು ಕಾಯಿಸುವಾಗ ವಾಷಿಂಗ್ ಮೆಷಿನ್ ಸುಮಾರು 2,000 ವಾಟ್ ಎಳೆಯುತ್ತದೆ, ಎಂದರೆ ಒಂಬತ್ತು ಆಂಪಿಯರ್ ಹತ್ತಿರ. ಎರಡು ಯಂತ್ರಗಳಿಗೂ ಬೇರೆ ಬೇರೆ 16 ಆಂಪಿಯರ್ ಸಾಕೆಟ್, ಮೀಟರ್ ಬೋರ್ಡಿನಿಂದಲೇ ಬೇರೆ ವೈರ್, ಹೊಸ ಅರ್ಥಿಂಗ್ ಮಾಡಿಸಿದೆವು. ಸಂಜೆ ವೋಲ್ಟೇಜ್ ಕುಸಿಯುವ ನಮ್ಮಂಥ ಊರಿನಲ್ಲಿ ಸ್ಟೆಬಿಲೈಸರ್ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗು–ಸಿಡಿಲಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದೇ ಕ್ಷೇಮ.

ಅಂಗಡಿಯಲ್ಲಿ ಕೇಳಬೇಕಾದದ್ದು ಹೆಚ್ಚಿಲ್ಲ. ಸರ್ವಿಸ್ ಮಾಡುವವರು ಎಲ್ಲಿಂದ ಬರುತ್ತಾರೆ, ನಮ್ಮ ಹಳ್ಳಿಗೆ ಬರುತ್ತಾರೆಯೇ, ಬಿಡಿಭಾಗ ಶಿವಮೊಗ್ಗದಲ್ಲಿ ಸಿಗುತ್ತದೆಯೇ ಎಂದು ಕೇಳಿ, ಉತ್ತರ ನಂಬಿಕೆ ಹುಟ್ಟಿಸದ ಮಾದರಿಗಳನ್ನು ಬಿಟ್ಟೆವು. ಡ್ರೈಯರ್ ಬರೀ ಟೈಮರ್‌ನದೋ, ತೇವ ಅಳೆದು ತಾನೇ ನಿಲ್ಲುವುದೋ ಎಂದು ಖಂಡಿತ ಕೇಳಿ. ಎರಡನೆಯದು ಬಟ್ಟೆಯನ್ನೂ ವಿದ್ಯುತ್ತನ್ನೂ ಉಳಿಸುತ್ತದೆ. ಪರದೆಯ ಮೇಲಿನ ಬಣ್ಣದ ಚಿತ್ರ, ಮೊಬೈಲಿನಿಂದ ನಡೆಸುವ ಸೌಕರ್ಯ ನಮಗೆ ಬೇಕಾಗಲಿಲ್ಲ. ಗಾತ್ರ ಎರಡೂ ಎಂಟು ಕಿಲೋ. ಒಂದರಿಂದ ತೆಗೆದದ್ದು ಹಾಗೆಯೇ ಇನ್ನೊಂದಕ್ಕೆ ಹೋಗಬೇಕು.

ಯಂತ್ರ ಮನೆಗೆ ಬಂದ ದಿನ ಕೂರಿಸುವವರ ಪಕ್ಕದಲ್ಲೇ ನಿಂತಿರಿ. ವಾಷಿಂಗ್ ಮೆಷಿನ್ನಿನ ಬೆನ್ನಿನಲ್ಲಿ ಸಾಗಣೆಗೆಂದು ಡ್ರಮ್ಮನ್ನು ಬಿಗಿಹಿಡಿದ ಉದ್ದನೆಯ ಬೋಲ್ಟುಗಳಿರುತ್ತವೆ. ಅವನ್ನು ತೆಗೆಯದೆ ಓಡಿಸಿದರೆ ಮೆಷಿನ್ ಕೋಣೆ ತುಂಬ ಕುಣಿದು ಹಾಳಾಗುತ್ತದೆ. ತೆಗೆದ ಬೋಲ್ಟುಗಳನ್ನು ಎಸೆಯದೆ ಚೀಲದಲ್ಲಿ ಕಟ್ಟಿಡಿ, ಮನೆ ಬದಲಿಸುವಾಗ ಬೇಕಾಗುತ್ತವೆ. ಹಳೆಯ ಮನೆಗಳ ನೆಲ ನೀರು ಹರಿಯಲೆಂದು ಒಂದು ಬದಿಗೆ ಇಳಿಜಾರಾಗಿರುತ್ತದೆ. ನಾವು ಗ್ರಾನೈಟ್ ಚಪ್ಪಡಿಯನ್ನು ಮಟ್ಟ ನೋಡಿ ಕೂರಿಸಿ, ಅದರ ಮೇಲೆ ಮೆಷಿನ್, ಅದರ ಮೇಲೆ ಪಟ್ಟಿ ಬಿಗಿದು ಡ್ರೈಯರ್ ಇಟ್ಟೆವು. ಹೀಟ್ ಪಂಪ್ ಯಂತ್ರವನ್ನು ಮಲಗಿಸಿ ತಂದಿದ್ದರೆ ಕೂಡಲೇ ಓಡಿಸದೆ, ಕಂಪ್ರೆಸರ್ ಎಣ್ಣೆ ಇಳಿಯಲು ಕೈಪಿಡಿ ಹೇಳಿದಷ್ಟು ಹೊತ್ತು ನೆಟ್ಟಗೆ ನಿಲ್ಲಿಸಬೇಕು.

ಎಲ್ಲ ಬಟ್ಟೆಯೂ ಇದಕ್ಕೆ ಹೋಗುವುದಿಲ್ಲ. ಅಡಿಕೆ ಚೊಗರು ಹತ್ತಿದ ಬಟ್ಟೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಹೊಡೆದವರ ಬಟ್ಟೆ ಇವತ್ತಿಗೂ ಹೊರಗಿನ ಕಲ್ಲಿನ ಮೇಲೆಯೇ. ರೇಷ್ಮೆ, ಉಣ್ಣೆ ಡ್ರೈಯರ್‌ಗೆ ಬೇಡ. ಎಣ್ಣೆ ನೀರು ಹಾಕಿಕೊಂಡ ದಿನದ ಟವೆಲ್, ಕಳೆ ಕೊಚ್ಚುವ ಯಂತ್ರದ ಪೆಟ್ರೋಲ್ ಸೋಕಿದ ಅಂಗಿ, ಕರಿದ ಎಣ್ಣೆ ಒರೆಸಿದ ಬಟ್ಟೆ ಇವನ್ನು ಡ್ರೈಯರ್‌ಗೆ ಹಾಕಲೇಬಾರದು. ಒಗೆದ ಮೇಲೂ ಎಣ್ಣೆಯ ಅಂಶ ಉಳಿದಿರುತ್ತದೆ. ಬಿಸಿಯಾಗಿ ಮಡಚಿಟ್ಟ ಅಂಥ ಬಟ್ಟೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು. ಬೆಂಕಿಯ ಇನ್ನೊಂದು ಮೂಲ ಜಾಲರಿಯಲ್ಲಿ ಸೇರುವ ಬಟ್ಟೆಯ ನಾರು. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ಜಾಲರಿ ಒರೆಸುವ ಕೆಲಸವನ್ನು ಅತ್ತೆಯವರು ತಾವೇ ವಹಿಸಿಕೊಂಡಿದ್ದಾರೆ, ಬೇರೆಯವರಿಗೆ ಬಿಡುವುದಿಲ್ಲ. ಒಣಗಿಸುವಾಗ ತೊಟ್ಟಿಯಲ್ಲಿ ಶೇಖರವಾಗುವ ನೀರು ಬಟ್ಟಿ ಇಳಿಸಿದ ನೀರಿನಂತೆ ತಿಳಿಯಾಗಿ ಕಂಡರೂ ಇನ್ವರ್ಟರ್ ಬ್ಯಾಟರಿಗೆ ಹಾಕಬಾರದು, ಅದರಲ್ಲಿ ನಾರು, ಸೋಪಿನ ಅಂಶ ಇರುತ್ತದೆ. ನಮ್ಮಲ್ಲಿ ಅದು ನೆಲ ಒರೆಸಲು ಹೋಗುತ್ತದೆ.

ಅಕ್ಟೋಬರ್‌ನಲ್ಲಿ ಬಿಸಿಲು ಬಿದ್ದ ಮೇಲೆ ಡ್ರೈಯರ್‌ನ ತೊಟ್ಟಿ ಬರಿದು ಮಾಡಿ, ಒಳಗಿನ ತೇವ ಅಳೆಯುವ ಪಟ್ಟಿಗಳನ್ನು ಒರೆಸಿ, ಇಲಿ ವೈರ್ ಕಡಿಯದಂತೆ ಕೆಳಬದಿಗೆ ಸಣ್ಣ ಕಣ್ಣಿನ ತಂತಿಬಲೆ ಕಟ್ಟುತ್ತೇವೆ. ಗಾಳಿಯ ಕಿಂಡಿ ಮಾತ್ರ ಮುಚ್ಚಿಹೋಗಬಾರದು. ವಾಷಿಂಗ್ ಮೆಷಿನ್ನಿನ ಬಾಗಿಲನ್ನು ವರ್ಷವಿಡೀ ಓರೆಯಾಗಿ ತೆರೆದೇ ಇಡುತ್ತೇವೆ, ಇಲ್ಲದಿದ್ದರೆ ರಬ್ಬರಿನ ಸಂದಿಯಲ್ಲಿ ಬೂಷ್ಟು ಹಿಡಿಯುತ್ತದೆ.