ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಏಳಿ: ಸ್ತನ ಕ್ಯಾನ್ಸರ್ ಚಿಕಿತ್ಸೆಯ ಹೊತ್ತಿನಲ್ಲಿ, ಆಮೇಲೂ

ಸ್ತನ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: ಚೆನ್ನಾಗಿ ರೆಸ್ಟ್ ತಗೊಳ್ಳಿ. ಅದನ್ನೇ ನಂಬಿಕೊಂಡು ರಾತ್ರಿ 8.30ಕ್ಕೇ ಮಲಗಿ, ಬೆಳಿಗ್ಗೆ 8ರವರೆಗೆ ಹಾಸಿಗೆ ಬಿಡದೆ, ಮಧ್ಯಾಹ್ನ ಮತ್ತೆ ಎರಡು ಗಂಟೆ ಅಡ್ಡಾಗಿ, ಕೊನೆಗೆ ‘ನಿದ್ದೆಯೇ ಬರುತ್ತಿಲ್ಲ’ ಎಂದು ಕಣ್ಣೀರು ಹಾಕುವವರನ್ನು ತುಂಬ ನೋಡಿದ್ದೇನೆ. ಅವರ ತಪ್ಪೇನೂ ಇಲ್ಲ. ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ ಅಷ್ಟೆ. ನಿದ್ದೆ ಕೆಟ್ಟಾಗ ಹಾಸಿಗೆಯಲ್ಲಿ ಕಳೆಯುವ ಸಮಯವನ್ನು ಕಡಿಮೆ ಮಾಡಬೇಕು. ಕೇಳಲು ಉಲ್ಟಾ ಅನಿಸುತ್ತದೆ, ಅಲ್ವಾ? ಅದನ್ನು ಮಾಡುವ ಬಗೆಯನ್ನು 5ನೇ ಹೆಜ್ಜೆಯಲ್ಲಿ ವಿವರವಾಗಿ ಬರೆದಿದ್ದೇನೆ. ಆದರೆ ಅದಕ್ಕೂ ಮುಂಚೆ ಸ್ವಲ್ಪ ಕೆಲಸ ಇದೆ, ಅದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ.

ಹೆಜ್ಜೆ 1: ಬರೆದಿಡಿ

ಒಂದು ನೋಟ್‌ಬುಕ್ ಸಾಕು. ದಿನಾ ಬೆಳಿಗ್ಗೆ ಎದ್ದ ಮೇಲೆ ಬರೆಯಿರಿ: ಎಷ್ಟು ಗಂಟೆಗೆ ಮಲಗಿದಿರಿ, ನಿದ್ದೆ ಹತ್ತಲು ಸುಮಾರು ಎಷ್ಟು ಹೊತ್ತಾಯಿತು, ಎಷ್ಟು ಸಲ ಎಚ್ಚರವಾಯಿತು, ಯಾಕೆ ಆಯಿತು (ಬೆವರೋ, ನೋವೋ, ಮೂತ್ರಕ್ಕೋ, ಯೋಚನೆಯೋ), ಕೊನೆಗೆ ಎಷ್ಟಕ್ಕೆ ಎದ್ದಿರಿ, ಹಿಂದಿನ ದಿನ ಯಾವ ಮಾತ್ರೆ ಎಷ್ಟೊತ್ತಿಗೆ ತಗೊಂಡಿರಿ. ಎರಡು ವಾರ ಬರೆದರೆ ಒಳ್ಳೆಯದು, ಕನಿಷ್ಠ ಒಂದು ವಾರ. ಅಂದಾಜು ಸಾಕು. ರಾತ್ರಿ ಗಡಿಯಾರ ನೋಡಲೇಬೇಡಿ. ಕೋಣೆಯಲ್ಲಿದ್ದರೆ ಗೋಡೆ ಕಡೆ ತಿರುಗಿಸಿಡಿ.

ನಿದ್ದೆ ಅಳೆಯುವ ವಾಚ್ ಬೇಡ. ಅದು ಕೈಯ ಅಲುಗಾಟ ಮತ್ತು ನಾಡಿ ನೋಡಿ ‘ಗಾಢ ನಿದ್ದೆ ಇಷ್ಟು’ ಅಂತ ಊಹಿಸುತ್ತದೆ, ಅಷ್ಟೇ. ಬೆಳಿಗ್ಗೆ ಹಾಯಾಗಿ ಎದ್ದವರೂ ಅದರ ಅಂಕ ನೋಡಿ ಮಂಕಾಗುತ್ತಾರೆ. ಬಿಚ್ಚಿಡಿ.

ಹೆಜ್ಜೆ 2: ಮಾತ್ರೆಗಳ ಸಮಯ ಕೇಳಿ

ಕೀಮೋ ಜೊತೆಗೆ ವಾಂತಿ ಮತ್ತು ಅಲರ್ಜಿ ತಡೆಯಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಕೀಮೋ ಆದ ಮೊದಲ ಒಂದೆರಡು ರಾತ್ರಿ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂರುವಂತೆ ಆಗಲು ಎಷ್ಟೋ ಜನರಿಗೆ ಇದೇ ಕಾರಣ. ಅದನ್ನು ಸಂಜೆಯ ಬದಲು ಬೆಳಿಗ್ಗೆ, ಇಲ್ಲವೇ ಮಧ್ಯಾಹ್ನದೊಳಗೆ ಊಟದ ಜೊತೆ ತಗೊಳ್ಳಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ. ನೀವಾಗಿಯೇ ಬಿಡಬೇಡಿ, ಡೋಸ್ ಕಡಿಮೆ ಮಾಡಬೇಡಿ. ಟ್ಯಾಮಾಕ್ಸಿಫೆನ್, ಲೆಟ್ರೊಜೋಲ್ ಥರದ ಹಾರ್ಮೋನ್ ಮಾತ್ರೆಗೂ ಇದೇ ಮಾತು. ರಾತ್ರಿ ತಗೊಂಡು ನಿದ್ದೆ ಕೆಡುತ್ತಿದ್ದರೆ ಬೆಳಗಿನ ಹೊತ್ತಿಗೆ ಬದಲಾಯಿಸಬಹುದಾ ಅಂತ ಕೇಳಿ. ನಿದ್ದೆಗೋಸ್ಕರ ಅವನ್ನೇ ನಿಲ್ಲಿಸುವವರಿದ್ದಾರೆ, ಅದು ಅಪಾಯ. ಕಾಯಿಲೆ ಮರಳದಂತೆ ಕಾಯುತ್ತಿರುವ ಮಾತ್ರೆ ಅದು.

ಹೆಜ್ಜೆ 3: ರಾತ್ರಿ ಮೈ ಬಿಸಿಯೇರಿ ಬೆವರುವುದು

ಕೀಮೋದಿಂದ ಮುಟ್ಟು ನಿಂತಿರಲಿ, ಹಾರ್ಮೋನ್ ಮಾತ್ರೆಯಿಂದಾಗಲಿ, ದೇಹದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕೆಲಸ ಕಡಿಮೆಯಾದಾಗ ಮಿದುಳಿನ ತಾಪ ನಿಯಂತ್ರಣ ತುಂಬ ಸೂಕ್ಷ್ಮವಾಗುತ್ತದೆ. ಚೂರು ಬಿಸಿಯಾದರೂ ಸಾಕು, ಮೈಯೆಲ್ಲ ಬೆಂಕಿಯಾಗಿ ಬೆವರು ಸುರಿದು ಎಚ್ಚರವಾಗುತ್ತದೆ. ಒಂದೇ ದಪ್ಪ ಹೊದಿಕೆ ಬದಲು ಎರಡು ತೆಳು ಹೊದಿಕೆ ಇಟ್ಟುಕೊಳ್ಳಿ, ಅರೆನಿದ್ದೆಯಲ್ಲೇ ಒಂದನ್ನು ಸರಿಸಬಹುದು. ಹತ್ತಿ ಬಟ್ಟೆ, ತಂಪು ಕೋಣೆ, ಫ್ಯಾನ್, ಬದಲಿಸಲು ಇನ್ನೊಂದು ನೈಟಿ ಕೈಗೆ ಸಿಗುವ ಹಾಗೆ. ‘ತಂಪು ಜೆಲ್’ ದಿಂಬು ಅಂತ ಮಾರುತ್ತಾರಲ್ಲ, ಸ್ವಲ್ಪ ಹೊತ್ತಿಗೆಲ್ಲ ಅದೂ ಮೈ ಬಿಸಿಗೆ ಬಿಸಿಯಾಗುತ್ತದೆ. ದುಡ್ಡು ಉಳಿಸಿ.

ಇದರಿಂದಲೂ ಆಗದಿದ್ದರೆ ಸಹಿಸಿಕೊಂಡು ಕೂರಬೇಡಿ. ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್, ಆಕ್ಸಿಬ್ಯುಟಿನಿನ್ ಥರದ ಔಷಧಿಗಳು ಬೆವರನ್ನು ಕಡಿಮೆ ಮಾಡುತ್ತವೆ, ಡಾಕ್ಟರ್ ನಿಮಗೆ ಹೊಂದುವುದನ್ನು ಬರೆದುಕೊಡುತ್ತಾರೆ. ಈಸ್ಟ್ರೋಜನ್ ಮಾತ್ರೆಯನ್ನು ಸಾಮಾನ್ಯವಾಗಿ ಸ್ತನ ಕ್ಯಾನ್ಸರ್ ಆದವರಿಗೆ ಕೊಡುವುದಿಲ್ಲ. ‘ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ’ ಅಂತ ಬರೆದಿರುವ ಡಬ್ಬಿಗಳಲ್ಲಿ ಕೆಲವು ಈಸ್ಟ್ರೋಜನ್ ಥರವೇ ಕೆಲಸ ಮಾಡಬಹುದು, ಕೆಲವು ಕ್ಯಾನ್ಸರ್ ಔಷಧಿಯ ಶಕ್ತಿಯನ್ನೇ ಕುಗ್ಗಿಸುತ್ತವೆ. ಡಾಕ್ಟರ್‌ಗೆ ತೋರಿಸದೆ ಬಾಯಿಗೆ ಹಾಕಬೇಡಿ.

ಇನ್ನೊಂದು ಮುಖ್ಯ ವಿಷಯ. ಟ್ಯಾಮಾಕ್ಸಿಫೆನ್ ತಗೊಳ್ಳುವವರು ನಿದ್ದೆಗೆ, ಬೇಸರಕ್ಕೆ ಅಂತ ಬೇರೆ ಡಾಕ್ಟರ್ ಹತ್ತಿರ ಹೋದರೆ ‘ನಾನು ಟ್ಯಾಮಾಕ್ಸಿಫೆನ್‌ನಲ್ಲಿದ್ದೇನೆ’ ಅಂತ ಮೊದಲೇ ಹೇಳಿ. ಲಿವರ್‌ನ ಒಂದು ಕಿಣ್ವ ಈ ಮಾತ್ರೆಯನ್ನು ಎಂಡಾಕ್ಸಿಫೆನ್ ಆಗಿ ಬದಲಾಯಿಸಿದ ಮೇಲೆಯೇ ಅದು ಪೂರ್ತಿ ಕೆಲಸ ಮಾಡುವುದು. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲೂಯಾಕ್ಸೆಟಿನ್ ಮಾತ್ರೆಗಳು ಆ ಕಿಣ್ವವನ್ನು ಜೋರಾಗಿ ತಡೆಯುತ್ತವೆ.

ಹೆಜ್ಜೆ 4: ಮಲಗುವ ಭಂಗಿ

ಆಪರೇಷನ್ ಆದ ಹೊಸತರಲ್ಲಿ ಬೆನ್ನ ಮೇಲೆ, ತಲೆ ಕಡೆ ಸ್ವಲ್ಪ ಎತ್ತರಿಸಿ, ಆಪರೇಷನ್ ಆದ ಕಡೆಯ ಕೈ ಕೆಳಗೆ ದಿಂಬಿಟ್ಟು ಮಲಗಿ. ಮಗ್ಗುಲು ಬೇಕೇ ಬೇಕು ಅನ್ನುವವರು ಇನ್ನೊಂದು ಮಗ್ಗುಲಿಗೆ ತಿರುಗಿ ಎದೆಗೆ ಒಂದು ದಿಂಬು ಅಪ್ಪಿಕೊಳ್ಳಿ. ನೋವಿನ ಮಾತ್ರೆ ಬರೆದುಕೊಟ್ಟಿದ್ದರೆ ಹೇಳಿದ ಹೊತ್ತಿಗೆ ತಗೊಳ್ಳಿ.

ಹೆಜ್ಜೆ 5: ಹಾಸಿಗೆಯ ಸಮಯ ಕಡಿಮೆ ಮಾಡಿ

ಎಲ್ಲರೂ ಸೋಲುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಓದಿ.

ಆಪರೇಷನ್ ನೋವು, ಸ್ಟೀರಾಯ್ಡ್, ಭಯ ಇವೆಲ್ಲ ನಿದ್ದೆಯನ್ನು ಮೊದಲು ಕೆಡಿಸುತ್ತವೆ. ಆದರೆ ಅವು ಹೋದ ಮೇಲೂ, ಚಿಕಿತ್ಸೆ ಮುಗಿದು ವರ್ಷವಾದ ಮೇಲೂ ನಿದ್ದೆ ಬರುವುದಿಲ್ಲ. ಯಾಕೆಂದರೆ ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಎಚ್ಚರವಾಗಿ ಹೊರಳಾಡಿದ ಮನಸ್ಸು ‘ಹಾಸಿಗೆ ಅಂದರೆ ಎಚ್ಚರ’ ಅಂತ ಕಲಿತುಬಿಟ್ಟಿರುತ್ತದೆ. ಸೋಫಾದಲ್ಲಿ ತೂಕಡಿಸುತ್ತಿದ್ದವರು ಹಾಸಿಗೆಗೆ ಹೋದ ಕೂಡಲೇ ಕಣ್ಣು ಬಿಡುವುದು ಇದಕ್ಕೇ. ಈ ಪಾಠವನ್ನು ಅಳಿಸಿ ಹೊಸದಾಗಿ ಕಲಿಸಬೇಕು. ಹಾಸಿಗೆ ಮತ್ತು ನಿದ್ದೆಯ ನಂಟನ್ನು ಮತ್ತೆ ಬೆಸೆಯುವ ನಿಯಮಗಳನ್ನು ರಿಚರ್ಡ್ ಬೂಟ್ಜಿನ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲೇ ಹೇಳಿದ್ದರು. ಆಮೇಲೆ ಇದು ಬೆಳೆದು ಸಿಬಿಟಿ-ಐ ಎಂಬ ಚಿಕಿತ್ಸೆಯಾಯಿತು, ಅಂದರೆ ನಿದ್ದೆಯ ಬಗೆಗಿನ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸುವ, ಮಾತ್ರೆಯಿಲ್ಲದ ಚಿಕಿತ್ಸೆ. ಬಹಳ ದಿನದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಮಾಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲಿ ಹೇಳಿದೆ. ಸ್ತನ ಕ್ಯಾನ್ಸರ್ ಆದ ಹೆಂಗಸರ ಮೇಲೆಯೇ ಕೆನಡಾದ ತಂಡವೊಂದು ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿತು. ಅವರ ನಿದ್ದೆ ಸುಧಾರಿಸಿತು, 12 ತಿಂಗಳಾದ ಮೇಲೂ ಆ ಲಾಭ ಉಳಿದಿತ್ತು.

ಮಾಡುವುದು ಹೀಗೆ. ನೋಟ್‌ಬುಕ್ ತೆಗೆದು ಸರಾಸರಿ ಲೆಕ್ಕ ಹಾಕಿ. ನೀವು ದಿನಾ 9 ಗಂಟೆ ಹಾಸಿಗೆಯಲ್ಲಿದ್ದು ನಿಜವಾಗಿ ನಿದ್ದೆ ಮಾಡಿದ್ದು 5.5 ಗಂಟೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಅರ್ಧ ಗಂಟೆ ಸೇರಿಸಿ, 6 ಗಂಟೆ. ಇನ್ನು ಮೇಲೆ ಹಾಸಿಗೆಗೆ ನಿಮ್ಮ ಹಕ್ಕು ಅಷ್ಟೇ. ಮೊದಲು ಏಳುವ ಹೊತ್ತು ಗಟ್ಟಿ ಮಾಡಿ. ಬೆಳಿಗ್ಗೆ 6ಕ್ಕೆ ಅಂದರೆ 6ಕ್ಕೇ, ರಾತ್ರಿ ಹೇಗೇ ಕಳೆದಿರಲಿ, ಭಾನುವಾರವೇ ಇರಲಿ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು 12. ಅದಕ್ಕೆ ಮುಂಚೆ ಹಾಸಿಗೆ ಮುಟ್ಟಬಾರದು. 12 ಆದರೂ ತೂಕಡಿಕೆ ಇಲ್ಲದಿದ್ದರೆ ಬರುವವರೆಗೆ ಕೂತಿರಿ. ಸುಸ್ತು ಬೇರೆ, ತೂಕಡಿಕೆ ಬೇರೆ. ಕೈಕಾಲು ಸೋತು ಬಿದ್ದಿರುವುದು ಸುಸ್ತು. ಕಣ್ಣು ತಾನಾಗಿ ಮುಚ್ಚಿ ತಲೆ ವಾಲುವುದು ತೂಕಡಿಕೆ. ಹಾಸಿಗೆಗೆ ಹೋಗಬೇಕಾದ್ದು ತೂಕಡಿಕೆಗೆ ಮಾತ್ರ.

ಮಲಗಿ ಸುಮಾರು 20 ನಿಮಿಷ ಅನಿಸುವಷ್ಟು ಹೊತ್ತಾದರೂ ನಿದ್ದೆ ಬರಲಿಲ್ಲ, ಇಲ್ಲವೇ ‘ಅಯ್ಯೋ ಬರುತ್ತಿಲ್ಲ’ ಅಂತ ಕಿರಿಕಿರಿ ಶುರುವಾಯಿತು. ತಕ್ಷಣ ಎದ್ದು ಬೇರೆ ಕೋಣೆಗೆ ಹೋಗಿ. ಬೇರೆ ಕೋಣೆ ಇಲ್ಲದಿದ್ದರೆ ಕುರ್ಚಿಗೆ. ಮಂದ ಬೆಳಕಿನಲ್ಲಿ ಏನಾದರೂ ಸಪ್ಪೆ ಕೆಲಸ ಮಾಡಿ. ಹಳೆಯ ಪುಸ್ತಕ ಓದಿ, ಬಟ್ಟೆ ಮಡಿಸಿ. ಮೊಬೈಲ್ ಬೇಡವೇ ಬೇಡ, ಅದರಲ್ಲೂ ಕಾಯಿಲೆ ಬಗ್ಗೆ ಹುಡುಕಲು ಆ ಹೊತ್ತು ಖಂಡಿತ ಬೇಡ. ತೂಕಡಿಕೆ ಬಂದ ಮೇಲೆ ವಾಪಸ್ ಹೋಗಿ. ಮತ್ತೆ ಎಚ್ಚರವಾದರೆ ಮತ್ತೆ ಏಳಿ. ಕುರ್ಚಿಯ ಪಕ್ಕ ಶಾಲು, ಚಪ್ಪಲಿ, ಪುಸ್ತಕ ಸಂಜೆಯೇ ಇಟ್ಟಿರಿ, ಏಳಲು ಸೋಮಾರಿತನ ಬರುವುದಿಲ್ಲ.

ವಾರ ಕಳೆದ ಮೇಲೆ ಲೆಕ್ಕ ನೋಡಿ: ನಿದ್ದೆ ಮಾಡಿದ ಹೊತ್ತನ್ನು ಹಾಸಿಗೆಯಲ್ಲಿದ್ದ ಹೊತ್ತಿನಿಂದ ಭಾಗಿಸಿ 100ರಿಂದ ಗುಣಿಸಿ. ಶೇ 85ಕ್ಕಿಂತ ಜಾಸ್ತಿ ಬಂದರೆ 15 ನಿಮಿಷ ಬೇಗ, ಅಂದರೆ 11.45ಕ್ಕೆ ಮಲಗಿ. ಶೇ 80ರಿಂದ 85 ಇದ್ದರೆ ಹಾಗೇ ಇರಲಿ. ಇನ್ನೂ ಕಡಿಮೆ ಇದ್ದರೆ 15 ನಿಮಿಷ ತಡ ಮಾಡಿ, ಆದರೆ ಒಟ್ಟು ಸಮಯ 5.5 ಗಂಟೆಗಿಂತ ಕೆಳಗೆ ಯಾವತ್ತೂ ಇಳಿಸಬೇಡಿ. ಹೀಗೆ ವಾರವಾರ 15 ನಿಮಿಷ ಸೇರಿಸುತ್ತಾ ಹೋದರೆ ನಿಮಗೆ ಬೇಕಾದಷ್ಟು ನಿದ್ದೆ ಸಿಗುವ ಜಾಗ ತಲುಪುತ್ತೀರಿ.

ಮೊದಲ ವಾರ ಕಷ್ಟ. ನಿಜವಾಗಲೂ ಕಷ್ಟ, ಹಗಲಿಡೀ ತಲೆ ಭಾರ. ಜನ ನಾಲ್ಕನೇ ದಿನ, ಐದನೇ ದಿನ ಬಿಟ್ಟುಬಿಡುವುದು, ‘ಇವತ್ತೊಂದಿನ ಬೇಗ ಮಲಗ್ತೀನಿ’ ಅನ್ನುವುದು ಆಗಲೇ. ಆ ಒಂದು ದಿನದಿಂದ ಕೂಡಿಟ್ಟ ನಿದ್ದೆಯ ಹಸಿವೆಲ್ಲ ಖರ್ಚಾಗಿ ಹೋಗುತ್ತದೆ. ಮನೆಯವರು ಪ್ರೀತಿಯಿಂದಲೇ ‘ಮಲಕ್ಕೋ ಹೋಗು’ ಅಂತ ಒತ್ತಾಯ ಮಾಡುತ್ತಾರೆ. ಅವರಿಗೂ ಮೊದಲೇ ವಿವರಿಸಿ, ರಾತ್ರಿ 11ರವರೆಗಾದರೂ ಜೊತೆಗೆ ಕೂತು ಮಾತಾಡಿ ಅಂತ ಕೇಳಿ.

ಎಲ್ಲರೂ ಇದನ್ನು ಮಾಡುವಂತಿಲ್ಲ. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆ ಇರುವವರು, ತಲೆಸುತ್ತಿ ಬೀಳುವ ಭಯ ಇರುವವರು, ಮೂಳೆಗೆ ಕ್ಯಾನ್ಸರ್ ಹರಡಿರುವವರು ಡಾಕ್ಟರ್ ಕೇಳದೆ ಶುರು ಮಾಡಬಾರದು. ತೂಕಡಿಕೆ ಇರುವ ದಿನ ಗಾಡಿ ಓಡಿಸಬೇಡಿ. ಕೀಮೋ ಇನ್ನೂ ನಡೆಯುತ್ತಿದ್ದರೆ ಇಷ್ಟು ಬಿಗಿ ಬೇಡ. ಏಳುವ ಹೊತ್ತು ಗಟ್ಟಿ ಮಾಡಿ, ನಿದ್ದೆ ಬರದಾಗ ಎದ್ದು ಕೂರುವ ನಿಯಮ ಇಟ್ಟುಕೊಳ್ಳಿ, ಹಾಸಿಗೆ ಸಮಯವನ್ನು ವಾರಕ್ಕೆ 15-30 ನಿಮಿಷದಂತೆ ಮೆಲ್ಲಗೆ ಇಳಿಸಿ. ಸಿಬಿಟಿ-ಐ ಗೊತ್ತಿರುವ ಮನಶ್ಶಾಸ್ತ್ರಜ್ಞರು ಸಿಕ್ಕರೆ ಅವರ ಜೊತೆಗೇ ಮಾಡಿ.

ನಿದ್ದೆ ಮಾತ್ರೆಯ ಅಡ್ಡದಾರಿ ಬಗ್ಗೆ: ಆಪರೇಷನ್ ಹಿಂದಿನ ರಾತ್ರಿ, ಕೀಮೋ ದಿನ ಡಾಕ್ಟರ್ ಕೊಟ್ಟರೆ ತಗೊಳ್ಳಿ, ಅದರಲ್ಲಿ ತಪ್ಪಿಲ್ಲ. ತಿಂಗಳುಗಟ್ಟಲೆ ಬೇಡ, ಅಭ್ಯಾಸವಾಗುತ್ತದೆ. ಈಗಾಗಲೇ ಬಹಳ ದಿನದಿಂದ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸಿ. ಮಂಪರು ಬರಲಿ ಅಂತ ಅಲರ್ಜಿ ಮಾತ್ರೆ, ಕೆಮ್ಮಿನ ಸಿರಪ್ ಕುಡಿಯುವುದನ್ನು ನಾನು ಒಪ್ಪುವುದಿಲ್ಲ. ಮಲಬದ್ಧತೆ, ಬಾಯಿ ಒಣಗುವುದು, ಮರುದಿನದ ಮಂಕು, ಇಷ್ಟೇ ಸಿಗುವುದು. ಮದ್ಯ ಮೊದಲು ನಿದ್ದೆ ತರಿಸಿ ಆಮೇಲೆ ಎಬ್ಬಿಸುತ್ತದೆ, ಬೆವರೂ ಜಾಸ್ತಿ.

ಹೆಜ್ಜೆ 6: ಹಗಲು

ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಹೊರಗಿನ ಬೆಳಕಿಗೆ ಹೋಗಿ. ದಿನಾ ನಡೆಯಿರಿ. ಕ್ಯಾನ್ಸರ್ ಸುಸ್ತಿಗೆ ಮಲಗುವುದಕ್ಕಿಂತ ನಡಿಗೆ ಒಳ್ಳೆಯದು, ಮೊದಲು 10 ನಿಮಿಷ ಆದರೂ ಸರಿ. ಮಧ್ಯಾಹ್ನ ತಡೆಯಲಾಗದಿದ್ದರೆ 3 ಗಂಟೆಯೊಳಗೆ, ಅಲಾರಂ ಇಟ್ಟು, 20-30 ನಿಮಿಷ. ಕಾಫಿ, ಟೀ ಮಧ್ಯಾಹ್ನದ ಮೇಲೆ ಬೇಡ.

ಗೊರಕೆ ಹೊಡೆಯುತ್ತಾ ಉಸಿರು ನಿಂತ ಹಾಗಾಗುತ್ತದೆ ಅಂತ ಪಕ್ಕದವರು ಹೇಳಿದರೆ ನಿದ್ದೆಯ ಪರೀಕ್ಷೆ ಮಾಡಿಸಿ, ಮುಟ್ಟು ನಿಂತ ಮೇಲೆ ಈ ತೊಂದರೆ ಹೆಚ್ಚು. ರಾತ್ರಿ ಕಾಲು ಸುಮ್ನೆ ಇರಿಸಲಾಗದಂತೆ ಚಡಪಡಿಸಿದರೆ ಫೆರಿಟಿನ್ ಪರೀಕ್ಷೆ ಕೇಳಿ, ಕಬ್ಬಿಣಾಂಶದ ಕೊರತೆ ಇರಬಹುದು. ಯಾವುದರಲ್ಲೂ ಆಸಕ್ತಿ ಇಲ್ಲ, ಬದುಕುವುದೇ ಬೇಡ ಅನಿಸುತ್ತಿದ್ದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಅವತ್ತೇ ಡಾಕ್ಟರ್‌ಗೂ ಮನೆಯವರಿಗೂ ಹೇಳಿ.

ಹೆಜ್ಜೆ 7: ರಾತ್ರಿ ಬರುವ ಭಯ

‘ಮತ್ತೆ ಬಂದರೆ?’ ಅನ್ನುವ ಯೋಚನೆ ದೀಪ ಆರಿಸಿದ ಮೇಲೇ ಬರುತ್ತದೆ. ಅದನ್ನು ತಡೆಯಲು ಹೋಗಬೇಡಿ, ಅದಕ್ಕೆ ಬೇರೆ ಹೊತ್ತು ಕೊಡಿ. ಸಂಜೆ 6ರ ಸುಮಾರಿಗೆ 15 ನಿಮಿಷ ಕೂತು ಮನಸ್ಸಿನಲ್ಲಿರುವುದನ್ನೆಲ್ಲ ಬರೆಯಿರಿ, ಒಂದೊಂದರ ಪಕ್ಕ ನಾಳೆ ಮಾಡಬಹುದಾದ ಒಂದು ಕೆಲಸ ಬರೆಯಿರಿ: ಯಾರನ್ನು ಕೇಳಬೇಕು, ಯಾವ ರಿಪೋರ್ಟ್ ತರಬೇಕು. ಮಾಡಲು ಏನೂ ಇಲ್ಲದ ಭಯವಾದರೆ ‘ಏನೂ ಇಲ್ಲ’ ಅಂತಲೇ ಬರೆಯಿರಿ. ರಾತ್ರಿ ಅದು ಮತ್ತೆ ಬಂದಾಗ ‘ಬರೆದಾಗಿದೆ, ನಾಳೆ 6ಕ್ಕೆ’ ಅಂತ ಹೇಳಿಕೊಳ್ಳಿ.

ಸ್ಕ್ಯಾನ್ ಅಥವಾ ಮ್ಯಾಮೊಗ್ರಾಂ ಇರುವ ವಾರ ನಿದ್ದೆ ಹದಗೆಡುತ್ತದೆ, ಗುಣವಾಗಿ ಎಷ್ಟೋ ವರ್ಷವಾದವರಿಗೂ. ಆ ವಾರ ಹಾಸಿಗೆ ಸಮಯ ಕಡಿಮೆ ಮಾಡಬೇಡಿ, ಹೆಚ್ಚಿಸಲೂಬೇಡಿ, ಲೆಕ್ಕವನ್ನೂ ಹಾಕಬೇಡಿ. ಏಳುವ ಹೊತ್ತು ಮಾತ್ರ ಹಿಡಿದುಕೊಳ್ಳಿ, ರಿಪೋರ್ಟ್ ಬಂದು ಒಂದೆರಡು ದಿನವಾದ ಮೇಲೆ ಬಿಟ್ಟಲ್ಲಿಂದ ಶುರು ಮಾಡಿ.